ಬನೇಟಿ ಮಾಸ್ತರರು

ನಮ್ಮ ಡ್ರಿಲ್ ಮಾಸ್ತರರ ಮುಂಗೈಗಳ ಮೇಲೆ ಒಂದು ಕೂದಲೂ ಇರಲಿಲ್ಲ. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಮಂದಿ ತುಳಿದು ಸವೆದ ಹೊಸ್ತಿಲಿನ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಎರಡೂ ತುದಿಗೆ ಅರಿವೆಯ ಉಂಡೆ ಕಟ್ಟಿದ ಬಿದಿರುಕೋಲಿಗೆ ನಮ್ಮ ಕಡೆ ಬನೇಟಿ ಎನ್ನುತ್ತಾರೆ. ಹರೆಯದಲ್ಲಿ ಅವರು ಆ ಉಂಡೆಗಳಿಗೆ ಎಣ್ಣೆ ಹಾಕಿ, ಬೆಂಕಿ ಹಚ್ಚಿ ತಿರುಗಿಸುತ್ತಿದ್ದರಂತೆ. ನನಗೆ ಗೊತ್ತಾಗುವ ಹೊತ್ತಿಗೆ ಬೆಂಕಿಯ ಆಟ ಬಿಟ್ಟು ಲಕ್ಷ್ಮೇಶ್ವರದ ಸಂಸ್ಥಾನದ ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದರು. ಅವರು ತೀರಿಹೋಗಿ ಇನ್ನೂ ಬಹಳ ದಿನವಾಗಿಲ್ಲ. ಬರೆದರೆ ಎದೆ ಸ್ವಲ್ಪ ಹಗುರಾದೀತೆಂದು ಕುಳಿತಿದ್ದೇನೆ.

ನಮ್ಮದು ದೇವಸ್ಥಾನದ ಸೇವೆಯ ಮನೆತನ. ಹುಡುಗಿಯರದೊಂದು ತಂಡ ಕಟ್ಟುತ್ತೇನೆಂದು ಮಾಸ್ತರರು ಮನೆಗೆ ಬಂದಾಗ ನನ್ನ ಅಜ್ಜಿ ಬಾಗಿಲಲ್ಲೇ ನಿಲ್ಲಿಸಿದಳು.

"ಹುಡುಗಿ ಕೈಯಾಗ ಬಡಿಗಿ ಕೊಟ್ಟು ಯಾರ ಮ್ಯಾಲ ದಂಡೆತ್ತಿ ಹೊಂಟೀರಿ ಮಾಸ್ತರ?"

"ದಂಡಲ್ರಿ ಅಜ್ಜಿ. ನಿಮ್ಮ ಮೊಮ್ಮಗಳು ತುಂಬಿದ ಕೊಡ ಸೊಂಟದಿಂದ ಇಳಸೂದು ನೋಡೀರೇನು? ಒಂದು ಹನಿ ಚೆಲ್ಲೂದಿಲ್ಲ. ಆ ಮಣಿಕಟ್ಟು ನನಗ ಬೇಕ್ರಿ."

"ಮಣಿಕಟ್ಟು ಬೇಕಾದ್ರ ಬಳೆಗಾರನ್ನ ಕೇಳ್ರಿ," ಎಂದಳು ಅಜ್ಜಿ. ಅಪ್ಪ ನಕ್ಕುಬಿಟ್ಟ. ಅಲ್ಲಿಗೆ ನನ್ನನ್ನು ಕಳಿಸುವುದು ನಿಶ್ಚಯವಾಯಿತು.

ಬಸದಿಯ ಹಿಂದಿನ ಬಯಲಿನಲ್ಲಿ ಬೆಳಿಗ್ಗೆ ಕಲಿಯುತ್ತಿದ್ದೆವು. "ಬನೇಟಿನ ಹಿಡೀಬ್ಯಾಡ್ರಿ, ಅದಕ್ಕ ಹಾದಿ ಬಿಡ್ರಿ," ಎಂಬುದೊಂದೇ ಪಾಠ. ಬೈಯುತ್ತಿರಲಿಲ್ಲ. ಆದರೆ ಕೋಲು ಕೆಳಗೆ ಬಿದ್ದರೆ ಮಾತ್ರ ಎಲ್ಲರೂ ನಿಲ್ಲಬೇಕಿತ್ತು. ಬೀಳಿಸಿದವಳು ಎರಡೂ ಕೈಯಿಂದ ಎತ್ತಿ, ಕಣ್ಣಿಗೆ ಒತ್ತಿಕೊಂಡು, ಆಮೇಲೆ ಆಟ ಮುಂದುವರಿಸಬೇಕು. ಗರಡಿಯಲ್ಲಿ ಅವರು ಬೆಳೆದದ್ದೇ ಹಾಗೆ. ನೆಲಕ್ಕೆ ಬಿದ್ದ ಕೋಲನ್ನು, ಅದು ಯಾರದೇ ಇರಲಿ, ಹತ್ತಿರ ಇದ್ದವನು ಎತ್ತಿ ಕಣ್ಣಿಗೊತ್ತಿಕೊಳ್ಳದೆ ಸರಿಯುವಂತಿರಲಿಲ್ಲ.

ಸ್ವಾತಂತ್ರ್ಯ ಬಂತು. ಕೆಲವು ತಿಂಗಳಿಗೆ ನಮ್ಮ ಸಂಸ್ಥಾನವೂ ಮುಂಬಯಿ ಪ್ರಾಂತಕ್ಕೆ ಸೇರಿತು. ಮಾಸ್ತರರು ತಾವೇ ಪೇಢೆ ಹಂಚಿದರು. ಪೇಢೆಯ ಸಿಹಿ ಆರುವ ಮೊದಲೇ ಹೊಸ ಇಲಾಖೆಯ ಸಾಹೇಬರು ಶಾಲೆಗೆ ಬಂದರು.

"ಟ್ರೇನಿಂಗ್ ಎಲ್ಲಿ ಆಗೇತಿ?"

"ಗರಡ್ಯಾಗ್ರಿ."

ಸಾಹೇಬರು ನಕ್ಕರು. ಟ್ರೇನಿಂಗ್ ಆಗದವರನ್ನು ಇಟ್ಟುಕೊಳ್ಳುವಂತಿಲ್ಲ ಎಂದು ಹೆಡ್ ಮಾಸ್ತರರಿಗೆ ಹೇಳಿ ಹೋದರು. ಹೆಡ್ ಮಾಸ್ತರರು ಕೆಟ್ಟವರಲ್ಲ. ನಮ್ಮೆದುರಿಗೇ ಹೇಳಿದರು: "ಗದಗಿನಾಗ ಶಾಲಿಗಳ ಬನೇಟಿ ಸ್ಪರ್ಧಾ ಐತಿ. ಗೆದ್ದವರಿಗೆ ಬೆಳ್ಳಿ ಢಾಲು. ಅದನ್ನ ತಂದು ನನ್ನ ಟೇಬಲ್ ಮ್ಯಾಲ ಇಡ್ರಿ, ನಾ ಸಾಹೇಬರ ಮುಂದ ನಿಮ್ಮ ಸಲುವಾಗಿ ಮಾತಾಡ್ತೀನಿ. ಬರೇ ಕೈಲೆ ಹೋಗಿ ಏನು ಮಾತಾಡ್ಲಿ?"

ಅಂದಿನಿಂದ ಮಾಸ್ತರರು ಬೇರೆ ಮನುಷ್ಯರಾದರು. ಬೆಳಿಗ್ಗೆ ಸಾಲದೆ ಸಂಜೆಯೂ ಕರೆದರು. ನಮ್ಮ ಅಂಗೈಗಳಲ್ಲಿ ಬೊಬ್ಬೆ ಎದ್ದರೆ ತಾವೇ ಬೆಣ್ಣೆ ಸವರಿ, ಮತ್ತೆ ಕೋಲು ಕೊಡುತ್ತಿದ್ದರು. ಒಂದು ದಿನ ಅವರ ಹೆಂಡತಿ ಬಯಲಿಗೇ ಬಂದು ನಿಂತಳು.

"ಹುಡುಗ್ಯಾರ ಕೈ ಮುರೀಬ್ಯಾಡ್ರಿ. ನೌಕರಿ ಹೋದ್ರ ಹೋಗ್ಲಿ. ಕೊರ್ಲಹಳ್ಳ್ಯಾಗ ನನ್ನ ಅಣ್ಣನ ಹೊಲ ಐತಿ. ಕಳೆ ತಗದು ತಿನ್ನೂಣು."

"ಈ ವಯಸ್ಸಿನಾಗ ಹೆಂಡ್ತಿ ತವರಮನಿ ಕಟ್ಟಿಗೆ ಹೋಗಿ ಕುಂಡ್ರಲೇನು? ಅದಕ್ಕಿಂತ ಹೊಳಿ ಐತಲ್ಲ ಅಲ್ಲೆ," ಎಂದರು. ನಗುತ್ತಾ ಹೇಳಿದರು. ಅವಳು ನಗಲಿಲ್ಲ. ತುಂಗಭದ್ರೆ ಆ ಊರಿನ ಮಗ್ಗುಲಲ್ಲೇ ಹರಿಯುತ್ತದೆ.

ಸ್ಪರ್ಧೆಯ ನಿಯಮ ತಿಳಿದು ಬಂದಾಗ ಅವರು ನಮ್ಮನ್ನು ಸುತ್ತ ಕೂರಿಸಿಕೊಂಡರು. ಕೋಲು ಬಿದ್ದರೆ ಆಡುವವಳೇ ಎತ್ತಿಕೊಳ್ಳಬೇಕು, ವೇಳೆ ಓಡುತ್ತಲೇ ಇರುತ್ತದೆ. "ಅಲ್ಲಿ ಬಿದ್ರ ಕಣ್ಣಿಗೊತ್ತಿಕೊಳ್ಳಾಕ ಹೋಗಬ್ಯಾಡ್ರಿ. ಎತ್ರಿ, ತಿರುಗಸ್ರಿ. ಪಾಪ ಬಂದ್ರ ನನಗ ಬರಲಿ," ಎಂದರು. ಆಮೇಲೆ ಬೇಕೆಂದೇ ನಮ್ಮ ಕೈಯಿಂದ ಕೋಲು ಬೀಳಿಸಿ, ಕಣ್ಣಿಗೆ ಒಯ್ಯದೆ ಎತ್ತುವುದನ್ನು ರೂಢಿ ಮಾಡಿಸಿದರು. ಮೊದಮೊದಲು ನಮ್ಮ ಕೈಗಳು ಕೇಳಲಿಲ್ಲ. ನಿಧಾನಕ್ಕೆ ಕೇಳಿದವು.

ಗದಗಿನ ಬಯಲಿನಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಗೆರೆಯ ಹೊರಗೆ ಶಾಲೆಗಳ ಮಾಸ್ತರರು ಕುಳಿತಿದ್ದರು. ಕೊನೆಗೆ ಉಳಿದವರು ಇಬ್ಬರು, ಬೇರೊಂದು ಊರಿನ ಹುಡುಗಿ ಮತ್ತು ನಾನು. ಮೊದಲ ಸರದಿ ಅವಳದು. ಅವಳು ಚೆನ್ನಾಗಿ ಆಡಿದಳು. ಬೆನ್ನ ಹಿಂದಿನಿಂದ ಕೋಲು ಎಸೆದು ಮುಂದೆ ಹಿಡಿಯುವಾಗ ಕೈ ತಪ್ಪಿತು. ಕೋಲು ಗೆರೆ ದಾಟಿ ಉರುಳಿ ನಮ್ಮ ಮಾಸ್ತರರ ಕಾಲ ಬಳಿ ನಿಂತಿತು.

ಅವಳು ಓಡಿ ಬಂದಳು. ಅಷ್ಟರಲ್ಲಿ ಅವರು ಬಾಗಿಯಾಗಿತ್ತು. ಎರಡೂ ಕೈಯಿಂದ ಎತ್ತಿ, ಕಣ್ಣು ಮುಚ್ಚಿ, ಕೋಲನ್ನು ರೆಪ್ಪೆಗಳಿಗೆ ಒತ್ತಿಕೊಂಡರು. ಹುಡುಗಿ ಕೈ ಚಾಚಿ ನಿಂತೇ ಇದ್ದಳು.

"ಏ, ನೋಡ್ರಿ! ಕೋಲು ಹಿಡದು ನಿಂತಾನ! ವ್ಯಾಳ್ಯಾ ಮುಗೀಲಿ ಅಂತ ಹಿಡದು ನಿಂತಾನ!" ಎಂದು ಅವಳ ಮಾಸ್ತರ ಕೂಗಿದ.

ನಮ್ಮ ಮಾಸ್ತರರು ಕಣ್ಣು ತೆರೆದರು. ಏನು ಮಾಡಿದೆ ಎಂಬುದು ಆಗ ಅವರಿಗೆ ತಿಳಿಯಿತು. ಆ ಮುಖವನ್ನು ನಾನು ಹೇಗೆ ಬರೆಯಲಿ, ತಿಳಿಯದು.

ಪಂಚರು ತಲೆಗೆ ತಲೆ ಕೂಡಿಸಿ ಮಾತಾಡಿದರು. ಎದುರಾಳಿಗೆ ಅಡ್ಡಿ ಮಾಡಿದ್ದಕ್ಕೆ ನಮ್ಮ ಶಾಲೆಯನ್ನು ಸ್ಪರ್ಧೆಯಿಂದ ತೆಗೆದಿರುವುದಾಗಿ ಹೇಳಿದರು. "ಅಜ್ಜಾರು ಅಡ್ಡಿ ಮಾಡಿಲ್ರಿ, ನಮಸ್ಕಾರ ಮಾಡಾಕ ಹತ್ತಿದ್ರು," ಎಂದು ಆ ಹುಡುಗಿ ಅಳುತ್ತಾ ಹೇಳಿದಳು. ಅವಳ ಮಾತು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಾಸ್ತರರು ಪಂಚರ ಮುಂದೆ ಕೈ ಮುಗಿದು ನಿಂತರು. "ನನ್ನ ಹೊರಗ ಹಾಕ್ರಿ. ಬೇಕಾದ್ರ ಎಲ್ಲಾರ ಮುಂದ ಕಪಾಳಕ್ಕ ಹೊಡೀರಿ. ಈ ಹುಡುಗಿಗೆ ಒಮ್ಮೆ ಆಡಾಕ ಬಿಡ್ರಿ ಸಾಹೇಬ್ರ. ಒಮ್ಮೆ."

"ನಿಯಮ ಅಂದ್ರ ನಿಯಮ ಮಾಸ್ತರ. ಜಲ್ದಿ ಸರೀರಿ."

ನಾನು ಗೆರೆಯ ಮೇಲೆ ಬನೇಟಿ ಹಿಡಿದು ನಿಂತಿದ್ದೆ. ನನ್ನ ಹೆಸರನ್ನು ಯಾರೂ ಕರೆಯಲಿಲ್ಲ. ಚಕ್ಕಡಿಯಲ್ಲಿ ಊರಿಗೆ ಹೊರಟೆವು. ಯಳವತ್ತಿ ದಾಟಿದ ಮೇಲೆ ಮಾಸ್ತರರು ಒಂದೇ ಮಾತಾಡಿದರು. "ನಿಮಗೆಲ್ಲಾ ಆ ರೂಢಿ ಬಿಡಿಸಿದೆ. ನನಗ ನಾ ಬಿಡಿಸಿಕೊಳ್ಳಲಿಲ್ಲ."

ಢಾಲು ಬರಲಿಲ್ಲ, ಹೆಡ್ ಮಾಸ್ತರರು ಮಾತಾಡಲಿಲ್ಲ, ನೌಕರಿ ಹೋಯಿತು. ಸಾಮಾನು ಚಕ್ಕಡಿಗೆ ಹೇರಿಕೊಂಡು ಗಂಡ ಹೆಂಡತಿ ಕೊರ್ಲಹಳ್ಳಿಗೆ ಹೋದರು.

ನನ್ನನ್ನು ಮುಂಡರಗಿಗೆ ಕೊಟ್ಟರು. ಕನ್ನಡ ನಾಡು ಒಂದಾದ ದಿನ ಅಲ್ಲಿ ಮೆರವಣಿಗೆ ನಡೆಯಿತು. ಶಾಲೆಯ ಹುಡುಗಿಯರು ಬನೇಟಿ ತಿರುಗಿಸುತ್ತಾ ಹೋದರು. ಈ ಸಂಭ್ರಮಕ್ಕೆ ಬಂದಿರಬಹುದೆಂದು ಗುಂಪಿನಲ್ಲಿ ಮಾಸ್ತರರನ್ನು ಹುಡುಕಿದೆ. ಕೊರ್ಲಹಳ್ಳಿಯಿಂದ ಬಂದವರೊಬ್ಬರು ಅವರು ಹಾಸಿಗೆ ಹಿಡಿದ ಖಬರು ಹೇಳಿದರು. ಮರುದಿನವೇ ಹೋದೆ.

ಅವರ ಹೆಂಡತಿ ಅಂಗಳದಲ್ಲೇ ನನ್ನ ಕೈ ಹಿಡಿದುಕೊಂಡಳು. "ಬಾ ಯವ್ವಾ. ಉಂಡ್ರ ಗದಗು, ಕುಂತ್ರ ಗದಗು. ನನಗ ಸಾಕಾಗೇತಿ. ನೀನರ ಒಂದು ಮಾತು ಹೇಳು, ಸಮಾಧಾನ ಆಗ್ಲಿ."

ಮಾಸ್ತರರ ಮೈಯಲ್ಲಿ ಎಲುಬಷ್ಟೇ ಉಳಿದಿತ್ತು. ನನ್ನ ಗುರುತು ಹತ್ತಿತು. ಸಂಸಾರ, ಮಕ್ಕಳು ಏನೂ ಕೇಳಲಿಲ್ಲ.

"ತಂಗಿ, ಖರೆ ಹೇಳು. ಆವತ್ತು ಬಿಟ್ಟಿದ್ರ, ನೀ ಗೆಲ್ತಿದ್ದೇನು?"

ಇಲ್ಲ ಎಂದರೆ ಅವರು ಕಲಿಸಿದ್ದೇ ಸುಳ್ಳಾಗುತ್ತಿತ್ತು. ಹೌದು ಎಂದರೆ ಆ ಸೋಲೆಲ್ಲ ಯಾರ ತಲೆಗೆ ಬರುತ್ತದೆಂದು ಯೋಚಿಸುವಷ್ಟು ಹೊತ್ತು ನನಗಿರಲಿಲ್ಲ. ಅವರು ನನ್ನನ್ನೇ ನೋಡುತ್ತಿದ್ದರು.

"ಗೆಲ್ತಿದ್ದೆ ರೀ ಮಾಸ್ತರ," ಎಂದೆ.

ಮುಖ ಅರಳಿತು. "ಕೇಳಿದೇನ? ಗೆಲ್ತಿದ್ಲಂತ!" ಎಂದು ಹೆಂಡತಿಗೆ ಕೂಗಿ ಹೇಳಿದರು. ಆಮೇಲೆ ಆ ಮಾತನ್ನೇ ಇನ್ನೊಮ್ಮೆ, ತಮಗೆ ತಾವೇ ಎಂಬಂತೆ, ಮೆಲ್ಲಗೆ ಅಂದುಕೊಂಡರು. "ಗೆಲ್ತಿದ್ಲು." ಗೋಡೆಯ ಕಡೆ ಹೊರಳಿದರು. ನಾನು ಬಹಳ ಹೊತ್ತು ಕುಳಿತಿದ್ದೆ. ಈ ಕಡೆ ತಿರುಗಲಿಲ್ಲ.

ನಾನು ಹೇಳಿದ್ದು ಸುಳ್ಳಲ್ಲ. ಆ ದಿನ ಕೋಲು ನನ್ನ ಕೈಯಿಂದ ಬೀಳುತ್ತಿರಲಿಲ್ಲ. ಅದು ನನಗೆ ಗೆರೆಯ ಮೇಲೆ ನಿಂತಾಗಲೇ ಗೊತ್ತಿತ್ತು. ಹಾಗೆ ಖಾತ್ರಿಯಾಗಿ ನಿಲ್ಲುವುದನ್ನು ನನಗೆ ಕಲಿಸಿದವರು ಅವರೊಬ್ಬರೇ. ಅಪ್ಪನೂ ಕಲಿಸಿರಲಿಲ್ಲ.

ಜೋಳ ತೆನೆ ಹಿಡಿಯುವ ಹೊತ್ತಿಗೆ ಅವರು ಹೋದರು. ಮಣ್ಣು ಮುಗಿಸಿ ಬಂದ ಮೇಲೆ ಅವರ ಹೆಂಡತಿಯ ಪಕ್ಕದಲ್ಲಿ ಕುಳಿತೆ. ನನ್ನ ಮಾತಿನಿಂದ ಅವರಿಗೆ ಸಮಾಧಾನವಾಯಿತೇ ಎಂದು ಕೇಳಬೇಕೆಂದಿದ್ದೆ. ಅವಳೇ ಹೇಳಿದಳು.

"ನೀ ಬಂದು ಹೋದಾಗಿಂದ ಗದಗಿನ ಮಾತು ಎತ್ತಲಿಲ್ಲ ಯವ್ವಾ."

ಸೆರಗಿನಿಂದ ಮುಖ ಒರೆಸಿಕೊಂಡು ಅಂದಳು:

"ಯಾ ಮಾತೂ ಎತ್ತಲಿಲ್ಲ."