ಇಳಿಜಾರು ಹುಡುಕುತ್ತಿದ್ದ ಅಪ್ಪ

ಪೆಟ್ರೋಲಿಗೆ ಎಣ್ಣೆ ಬೆರೆಸಿದ ಆ ವಾಸನೆ ಈಗ ಸಿಗುವುದೇ ಅಪರೂಪ. ಮೊನ್ನೆ ವಾಡಿಯ ರೈಲ್ವೆ ಗೇಟಿನಲ್ಲಿ ಯಾರದೋ ಹಳೆಯ ಸ್ಕೂಟರು ನೀಲಿ ಹೊಗೆ ಬಿಟ್ಟು ಮುಂದೆ ಹೋಯಿತು. ಆಟೋದಲ್ಲಿದ್ದ ಉಳಿದವರೆಲ್ಲ ಮೂಗು ಮುಚ್ಚಿಕೊಂಡರು, ನಾನು ಕಣ್ಣು ಮುಚ್ಚಿಕೊಂಡೆ. ಶಹಾಬಾದಿನ ನಮ್ಮ ಮನೆಯ ಪಡಸಾಲೆ ಕಣ್ಣೆದುರಿಗೆ ಬಂತು. ನೆಲಕ್ಕೂ ಫರ್ಸಿ, ಗೋಡೆಗೂ ಫರ್ಸಿ, ಮಾಳಿಗೆಗೂ ಫರ್ಸಿ ಕಲ್ಲು ಹಾಸಿದ ಆ ಮನೆ ಬೇಸಿಗೆಯಲ್ಲಿ ರೊಟ್ಟಿಯ ಹಂಚಿನಂತೆ ಕಾಯುತ್ತಿತ್ತು. ಕತ್ತಲಾಗುತ್ತಲೇ ಸ್ಕೂಟರನ್ನು ಪಡಸಾಲೆಗೇ ಏರಿಸುತ್ತಿದ್ದೆವು. ಅದರ ಹೊಟ್ಟೆಯಿಂದ ತೊಟ್ಟಿಕ್ಕಿದ ಎಣ್ಣೆಯ ಕಲೆಗೆ ಅವ್ವ ಬೆಳಿಗ್ಗೆ ಬೂದಿ ಹಾಕಿ ತಿಕ್ಕುತ್ತಿದ್ದಳು. ಮನೆಯ ಮಂದಿಯ ಜೊತೆಗೆ ಒಂದು ಗಾಡಿಯೂ ಒಳಗೆ ಮಲಗುತ್ತಿದ್ದ ಕಾಲವನ್ನು ಕಂಡವರಿಗೆ ನಾನು ಹೇಳುವುದು ತಿಳಿದೀತು.

ಅಪ್ಪ ಫರ್ಸಿ ಖಣಿಯೊಂದರಲ್ಲಿ ಕಲ್ಲು ಅಳೆಯುವ ಗುಮಾಸ್ತ. ಖಣಿಗಳು ಊರಿಂದ ದೂರ, ಸೈಕಲ್ ತುಳಿದು ತುಳಿದು ಅವರಿಗೆ ಸಾಕಾಗಿತ್ತು. ಗಾಡಿ ತೆಗೆದುಕೊಳ್ಳುವ ಮಾತು ಬಂದಾಗ ಅವರ ಮನಸ್ಸಿದ್ದದ್ದು ಮೋಟಾರ್‌ಸೈಕಲ್ಲಿನ ಮೇಲೆ. ಗಾಡಿ ರಿಪೇರಿ ಮಾಡುತ್ತಿದ್ದ ಮಹಬೂಬ್ ಚಾಚಾ ಅಪ್ಪನ ಬಾಲ್ಯದ ಗೆಳೆಯ. ಅವರೂ ಅದನ್ನೇ ಹೇಳಿದರು. "ಸಿದ್ರಾಮಣ್ಣ, ನಮ್ಮ ಎರಿ ಮಣ್ಣಿಗಿ ದೊಡ್ಡ ಗಾಲಿನೇ ಬೇಕು. ಸ್ಕೂಟರಿಂದು ಸಣ್ಣ ಗಾಲಿ, ಮಳಿ ಬಿದ್ದರ ಮಡ್‌ಗಾರ್ಡಿನಾಗ ಮಣ್ಣು ಸಿಕ್ಕೊಂಡು ತಿರಗಂಗೇ ಇಲ್ಲ ನೋಡು." ಅಪ್ಪ ತಲೆಯಾಡಿಸಿ ಮನೆಗೆ ಬಂದರು. ಅವ್ವ ಬಾಯಿ ಬಿಟ್ಟು ಏನೂ ಕೇಳಿರಲಿಲ್ಲ. ಒಮ್ಮೆ ಮಾತ್ರ, ಜೋಳ ಹಸನು ಮಾಡುತ್ತ, "ಮೋಟಾರ್‌ಸೈಕಲ್ ಮ್ಯಾಲ ಸೀರಿ ಉಟ್ಟಾಕಿ ಕಾಲು ಎಲ್ಲಿ ಇಡಬೇಕೋ ಏನೋ" ಎಂದಿದ್ದಳಂತೆ. ಮರುವಾರ ಅಪ್ಪ ಸೇಡಂನಿಂದ ತಂದದ್ದು ಸ್ಕೂಟರು. ವರ್ಗವಾಗಿ ಹೊರಟಿದ್ದ ಅಧಿಕಾರಿಯೊಬ್ಬರು ಬಳಸಿದ್ದು, ಬೂದು ಬಣ್ಣದ್ದು. ಹೊಸದಕ್ಕೆ ಹೆಸರು ಹಚ್ಚಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ ಅದು. ಚಾಚಾ ಗಾಡಿಯ ಸುತ್ತ ಎರಡು ಸಲ ತಿರುಗಿ, "ಭಾಭೀಜಾನ್ ಗೆದ್ದರಲ್ಲ" ಎಂದು ನಕ್ಕರು. ಅಪ್ಪನೂ ನಕ್ಕರು. ಅಂದು ಸಂಜೆ ಅವ್ವ ಹೊಸ ಇಳಕಲ್ ಸೀರೆ ಉಟ್ಟು ಹಿಂದೆ ಕುಳಿತು ಸ್ಟೇಷನ್ನಿನವರೆಗೆ ಹೋಗಿ ಬಂದಳು. ಬಂದವಳ ಮುಖ ನೋಡಿ ಅಪ್ಪ ಮತ್ತೆಂದೂ ಮೋಟಾರ್‌ಸೈಕಲ್ಲಿನ ಮಾತು ಎತ್ತಲಿಲ್ಲ.

ಕೆಮ್ಮು ಯಾವಾಗ ಶುರುವಾಯಿತೋ ನೆನಪಿಲ್ಲ. ಖಣಿಯ ಧೂಳು ಅಪ್ಪನ ಹುಬ್ಬಿನಲ್ಲಿ, ಕಿವಿಯ ಸಂದಿನಲ್ಲಿ ಇದ್ದೇ ಇರುತ್ತಿತ್ತು. ಅದು ಎದೆಯೊಳಗೂ ಇಳಿದಿದೆಯೆಂದು ನಮಗೆ ಗೊತ್ತಿರಲಿಲ್ಲ. ನನಗೆ ಹದಿಮೂರಾಗಿದ್ದಾಗ ಒಂದು ಬೆಳಿಗ್ಗೆ ಅಪ್ಪ ಅಂಗಳದಲ್ಲಿ ನಿಂತು ಕಿಕ್ ಒದೆಯುತ್ತಿದ್ದರು. ಐದು ಸಲ, ಆರು ಸಲ. ಏಳನೆಯದಕ್ಕೆ ಕಾಲು ಎತ್ತಲಾಗದೆ ಕಟ್ಟೆಯ ಮೇಲೆ ಕುಳಿತುಬಿಟ್ಟರು. ತುಟಿ ನೀಲಿಗಟ್ಟಿತ್ತು. "ಅಪ್ಪಾ, ನಾ ಒದೀಲಿ?" ಎಂದೆ. ಅವರು ಗಾಡಿಯ ಕಡೆ ಕೈ ತೋರಿಸಿದರು. ಅಪ್ಪ ಮಾಡುತ್ತಿದ್ದಂತೆಯೇ ಗಾಡಿಯನ್ನು ಒಂದು ಬದಿಗೆ ವಾಲಿಸಿ, ಮತ್ತೆ ನೆಟ್ಟಗೆ ನಿಲ್ಲಿಸಿ, ಮೈಯ ಭಾರವನ್ನೆಲ್ಲ ಹಾಕಿ ಒದ್ದೆ. ಎರಡನೆಯ ಏಟಿಗೆ ಶುರುವಾಯಿತು. ಅಪ್ಪ ಎದ್ದು ಬಂದು ನನ್ನ ತಲೆ ಸವರಿ, "ನಿಮ್ಮವ್ವಗ ಹೇಳಬ್ಯಾಡ" ಎಂದಷ್ಟೇ ಹೇಳಿ ಹೋದರು.

ಅಂದಿನಿಂದ ಪ್ರತಿ ಬೆಳಿಗ್ಗೆ ಕಿಕ್ ಒದೆಯುವುದು ನನ್ನ ಕೆಲಸವಾಯಿತು. ಅವ್ವ ಅದನ್ನು ಅಪ್ಪನ ಮುದ್ದು ಎಂದುಕೊಂಡಳು. "ಹೆಣ್ಣುಡುಗಿಗಿ ಗಾಡಿ ಒದ್ಯಾದು ಕಲಿಸ್ಲಿಕತ್ತೀರೇನ್ರಿ?" ಎಂದು ರೇಗುವಳು. ಹೊರಗೆ ಹೋದಲ್ಲಿ ಅಪ್ಪ ಇಳಿಜಾರು ಹುಡುಕುತ್ತಿದ್ದರು. ಖಣಿಯ ಮೇಲಿನ ದಿಬ್ಬದಲ್ಲಿ ಗಾಡಿ ನಿಲ್ಲಿಸುವರು. ಬರುವಾಗ ಎರಡನೇ ಗೇರಿಗೆ ಹಾಕಿ, ಕ್ಲಚ್ ಹಿಡಿದು ಕೆಳಗೆ ಉರುಳಿಬಿಟ್ಟು, ವೇಗ ಬಂದಾಗ ಕ್ಲಚ್ ಬಿಟ್ಟರೆ ಇಂಜಿನ್ ತಾನೇ ಎಚ್ಚರಾಗುತ್ತಿತ್ತು. ಸಂತೆಗೆ ಹೋದರೂ ಎಲ್ಲೋ ದೂರದ ಏರಿನಲ್ಲಿ ನಿಲ್ಲಿಸಿ, ಅವ್ವನನ್ನು ಬಿಸಿಲಲ್ಲಿ ನಡೆಸಿಕೊಂಡು ಬರುವರು. ಅವಳು ಸಿಡುಕಿದರೆ "ಇಲ್ಲಿ ಜಾಗ ಇಲ್ಲ" ಎನ್ನುವರು. ಚಾಚಾಗೆ ಮಾತ್ರ ತಿಳಿದುಹೋಗಿತ್ತು. ಒಂದು ದಿನ ಪ್ಲಗ್ ಬಿಚ್ಚಿ ಮರಳು ಕಾಗದದಿಂದ ತಿಕ್ಕುತ್ತ, ತಲೆ ಎತ್ತದೆಯೇ ಹೇಳಿದರು: "ಇದನ್ನ ಮಾರಿ ಮೊಪೆಡ್ ತಗೋ ಸಿದ್ರಾಮಣ್ಣ. ಹಗುರ ಅದ, ಒದ್ಯಾದಿಲ್ಲ ಬಡ್ಯಾದಿಲ್ಲ." ಅಪ್ಪ, "ಅದರ ಮ್ಯಾಲ ಅಕಿ ಎಲ್ಲಿ ಕೂಡಬೇಕು ಮಹಬೂಬ್?" ಎಂದರು. ಚಾಚಾ ಕಿಕ್ಕಿನ ಸ್ಪ್ರಿಂಗು ಬದಲಿಸಿ, ನನ್ನನ್ನು ಕರೆದು, ಅಂಗಳದಲ್ಲಿ ಗೇರು ಹಾಕುವುದನ್ನು, ಬ್ರೇಕು ತುಳಿಯುವುದನ್ನು ನಾಲ್ಕು ಸಂಜೆ ಕಲಿಸಿಕೊಟ್ಟರು.

ನನಗೆ ಹದಿನೈದು ತುಂಬಿದ ವರ್ಷದ ಮಳೆಗಾಲದಲ್ಲಿ ಚಿಂಚೋಳಿ ಕಡೆಯ ಅವ್ವನ ತವರಿನಿಂದ ಸುದ್ದಿ ಬಂತು. ಆಯಿ, ಅಂದರೆ ಅವ್ವನ ತಾಯಿ, ನೀರು ಕೂಡ ನುಂಗುತ್ತಿಲ್ಲವೆಂದು. ಬೆಳಗಿನ ಬಸ್ಸು ಹೋಗಿಬಿಟ್ಟಿತ್ತು. ಅಪ್ಪ ಸ್ಕೂಟರು ಹೊರಗೆ ತೆಗೆದರು. "ಸಾವಿತ್ರೀನೂ ಬರ್ಲಿ" ಎಂದು ನನ್ನ ಕಡೆ ನೋಡಿದರು. "ಅಕಿ ಯಾಕ ಈಗ?" ಎಂದು ಅವ್ವ ಕೇಳುವಷ್ಟರಲ್ಲಿ ನಾನು ಗಾಡಿ ಶುರು ಮಾಡಿದ್ದೆ. ಚಿತ್ತಾಪುರ ದಾಟಿ, ಸೇಡಂ ದಾಟಿ, ತೊಗರಿ ಹೊಲಗಳ ನಡುವೆ ಮೂವರೂ ಒತ್ತಿಕೊಂಡು ಹೊರಟೆವು. ಡಾಂಬರು ಬಿಟ್ಟು ಆಯಿಯ ಊರಿನ ಹಾದಿಗೆ ತಿರುಗಿದ ಸ್ವಲ್ಪ ಹೊತ್ತಿಗೆ ಮಳೆ ಹಿಡಿಯಿತು. ಎರೆ ಮಣ್ಣು ಮುಂದಿನ ಗಾಲಿಗೆ ಸುತ್ತಿಕೊಂಡು ಮಡ್‌ಗಾರ್ಡಿನೊಳಗೆ ಗಚ್ಚಿನಂತೆ ಕೂತಿತು. ಗಾಡಿ ನಿಂತಿತು, ಇಂಜಿನ್ನೂ ಆರಿತು. ಸುತ್ತ ಕಣ್ಣು ಹಾಯುವವರೆಗೆ ಸಪಾಟು ನೆಲ, ಎಲ್ಲೂ ಇಳಿಜಾರಿಲ್ಲ.

ನಾನೂ ಅಪ್ಪನೂ ತೊಗರಿ ಕಡ್ಡಿಯಿಂದ ಮಣ್ಣು ಕೆರೆದು ತೆಗೆದೆವು. ಅವ್ವ ನೋಡುತ್ತಿದ್ದಾಳೆಂದೋ ಏನೋ, ಅಪ್ಪ ತಾವೇ ಕಿಕ್ ಒದೆಯಲು ಹೋದರು. ಮೂರನೆಯ ಸಲಕ್ಕೆ ಕೆಮ್ಮು ಹತ್ತಿ, ಹ್ಯಾಂಡಲ್ ಬಿಟ್ಟು, ಹಾದಿಯ ಬದಿಯಲ್ಲಿ ಕೆಸರಿನಲ್ಲೇ ಕುಕ್ಕರಿಸಿದರು. ಬೀಳಲಿದ್ದ ಗಾಡಿಯನ್ನು ಹಿಡಿದುಕೊಂಡು ನಾನು ಒದ್ದೆ. ಇಂಜಿನ್ ಹತ್ತಿಕೊಂಡಿತು. ಅವ್ವ ಒಮ್ಮೆ ನನ್ನನ್ನು, ಒಮ್ಮೆ ಅಪ್ಪನನ್ನು ನೋಡಿದಳು.

"ಎಷ್ಟು ದಿನದಿಂದ ಹಿಂಗ?"

"ಎರಡು ವರ್ಷ ಆತು" ಎಂದೆ ನಾನು.

"ನನಗ ಹೇಳಬಾರದಿತ್ತೇನ್ರಿ? ದೂರ ನಿಲ್ಲಸ್ತೀರಂತ ನಾ ಎಷ್ಟು ಬೈದೀನಿ ನಿಮಗ." ಸೆರಗಿನಿಂದ ಅಪ್ಪನ ಮುಖದ ಮಳೆ ಒರೆಸುತ್ತ ಅವಳು ಅತ್ತದ್ದು ಆಯಿಗಾಗಿಯೋ ಅಪ್ಪನಿಗಾಗಿಯೋ ನನಗೆ ಇಂದಿಗೂ ತಿಳಿಯದು.

ಅಪ್ಪ ಎದ್ದು ನನ್ನ ಹಿಂದೆ ಕುಳಿತರು, ಅವರ ಹಿಂದೆ ಅವ್ವ. "ನೀನೇ ಹೊಡಿ ಸಾವಿತ್ರಿ. ಅವಸರ ಮಾಡಬ್ಯಾಡ" ಎಂದರು. ಅಂಗಳದ ಹೊರಗೆ ನಾನು ಗಾಡಿ ಓಡಿಸಿದ್ದು ಅದೇ ಮೊದಲು. ಮೊದಲನೇ ಗೇರಿನಲ್ಲಿ, ಎರಡು ಕಾಲೂ ನೆಲಕ್ಕೆ ಊರುತ್ತ, ಮತ್ತೆರಡು ಕಡೆ ನಿಂತು ಮಣ್ಣು ಕೆರೆಯುತ್ತ, ದನ ಮನೆಗೆ ಬರುವ ಹೊತ್ತಿಗೆ ಊರು ಸೇರಿದೆವು. ಆಯಿಗೆ ಇನ್ನೂ ಎಚ್ಚರವಿತ್ತು. ಅವ್ವನ ಕೈಯಿಂದ ಎರಡು ಚಮಚ ಗಂಜಿ ಕುಡಿದಳು. "ಯಾರು ಕರಕೊಂಡು ಬಂದ್ರು ನಿನ್ನ?" ಎಂದು ಕೇಳಿದಳು. "ನನ ಮಗಳು" ಎಂದಳು ಅವ್ವ. ಆಯಿ ಮರುದಿನ ಹೋದಳು.

ಅಪ್ಪ ಆಮೇಲೆ ಖಣಿಗೆ ಹೋಗಲಿಲ್ಲ. ಅವ್ವನೇ ಹಟ ಹಿಡಿದು ಬಿಡಿಸಿದಳು. ನಾನು ಕಾಲೇಜು ಸೇರಿದ ಮೇಲೆ, ವಾರಕ್ಕೊಮ್ಮೆ ಅವರನ್ನು ಸ್ಕೂಟರಿನ ಮೇಲೆ ವಾಡಿಯ ಡಾಕ್ಟರ ಬಳಿಗೆ ಕರೆದೊಯ್ಯುತ್ತಿದ್ದೆ. ಓಣಿಯವರು ಮೊದಮೊದಲು ಬಾಗಿಲಿಗೆ ಬಂದು ನಿಂತು ನೋಡಿದರು. ಆಮೇಲೆ ಅವರಿಗೂ ನೋಡಿ ನೋಡಿ ಸಾಕಾಯಿತು. ಡಾಕ್ಟರು ಪ್ರತಿ ಸಲ ಅದೇ ಗುಳಿಗೆ ಬರೆಯುತ್ತಿದ್ದರು. ಅದರಿಂದ ಏನೂ ಆಗದೆಂದು ಅವರಿಗೂ ಅಪ್ಪನಿಗೂ ನನಗೂ ಗೊತ್ತಿತ್ತು, ಆದರೂ ಹೋಗುತ್ತಿದ್ದೆವು.

ಕೊನೆಯ ಸಲ ಹೋದದ್ದು ಚಳಿಗಾಲದಲ್ಲಿ. ಬರುವಾಗ ಇಳಿಹೊತ್ತಿನ ಬಿಸಿಲು ಹಾದಿಗೆ ಅಡ್ಡಬಿದ್ದಿತ್ತು. ಅಪ್ಪ ಕೆಮ್ಮಲಿಲ್ಲ. ಸ್ವಲ್ಪ ದೂರ ಬಂದ ಮೇಲೆ ಅವರ ಹಣೆ ನನ್ನ ಬೆನ್ನಿಗೆ ತಾಗಿತು. ನಿದ್ದೆ ಹತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಎಷ್ಟೋ ದಿನಗಳಿಂದ ಗೋಡೆಗೆ ಒರಗಿ ಕುಳಿತೇ ಬೆಳಗು ಮಾಡುತ್ತಿದ್ದ ಮನುಷ್ಯ. ಒಂದು ಕೈ ಹಿಂದೆ ಚಾಚಿ ಅವರ ಸ್ವೆಟರು ಹಿಡಿದುಕೊಂಡೆ. ಎಷ್ಟು ಹಗುರಾಗಿದ್ದರೆಂದರೆ, ಆ ಹಣೆಯ ಬಿಸಿ ಇರದಿದ್ದರೆ ಹಿಂದೆ ಯಾರೂ ಇಲ್ಲವೆಂದೇ ಅನ್ನಿಸುತ್ತಿತ್ತು. ಊರು ಬಂದರೂ ನಾನು ಮನೆಯ ಕಡೆಗೆ ತಿರುಗಲಿಲ್ಲ. ಸ್ಟೇಷನ್ನಿನ ಹಿಂದಿನ ಬಯಲಿನಲ್ಲಿ ಮೆಲ್ಲಗೆ ಒಂದು ಸುತ್ತು, ಮತ್ತೊಂದು ಸುತ್ತು ಹೊಡೆಯುತ್ತಲೇ ಇದ್ದೆ, ಅವರಾಗಿಯೇ ಎಚ್ಚರಾಗುವವರೆಗೆ.