ಖಾಲಿ ಪಾತ್ರೆ ಕಳಿಸಿದ ದಿನ

ಕಡೂರಿನ ನಮ್ಮ ಬೀದಿಯಲ್ಲಿ ಒಂದು ಕಟ್ಟಳೆಯಿದೆ. ನೆರೆಯವರು ಏನಾದರೂ ಕೊಟ್ಟು ಕಳಿಸಿದರೆ ಆ ಪಾತ್ರೆಯನ್ನು ಖಾಲಿ ಹಿಂದಿರುಗಿಸುವಂತಿಲ್ಲ. ಬೇರೇನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯನ್ನಾದರೂ ಹಾಕಬೇಕು. ಇದನ್ನು ಹಿಂದೂಗಳೂ ಪಾಲಿಸುತ್ತಾರೆ, ಕ್ರೈಸ್ತರಾದ ನಾವೂ ಪಾಲಿಸುತ್ತೇವೆ. ನಾನಂತೂ ಬೈಬಲಿನ ಹತ್ತು ಆಜ್ಞೆಗಳ ಜೊತೆಗೆ ಇದೇ ಹನ್ನೊಂದನೆಯದು ಎಂಬಂತೆ ಪಾಲಿಸುತ್ತಿದ್ದೆ. ಎದುರು ಮನೆಯ ಅಕ್ಕ ಬೆಳಗ್ಗೆ ಒಂದು ಬಟ್ಟಲು ಹುರುಳಿಕಾಳು ಸಾರು ಕೊಟ್ಟರೆ, ಸಂಜೆಯೊಳಗೆ ಅದೇ ಬಟ್ಟಲಲ್ಲಿ ರವೆಉಂಡೆ ಹೋಗಬೇಕು. ಯಾರ ಹಂಗೂ ನನಗೆ ಬೇಡ.

ಇಂಥ ನಾನು ತರೀಕೆರೆಯಲ್ಲಿ ಬಸ್ಸಿನಿಂದ ಇಳಿಯುವಾಗ ಜಾರಿ ಬಿದ್ದು ಕಾಲು ಮುರಿದುಕೊಂಡೆ. ಪ್ಲಾಸ್ಟರ್ ಹಾಕಿದ ಡಾಕ್ಟರು ಕಾಲು ನೆಲಕ್ಕೆ ಊರಲೇಬಾರದು ಎಂದರು. ನನ್ನ ಗಂಡ ಗೂಡ್ಸ್ ಆಟೋ ಓಡಿಸುತ್ತಾರೆ, ಬೆಳಗಾದರೆ ಅಜ್ಜಂಪುರದ ಕಡೆ ಹೊರಟುಬಿಡುವ ಮನುಷ್ಯ. ಅಡುಗೆಯಲ್ಲಿ ಅವರಿಗೆ ಬರುವುದು ಟೀ ಒಂದೇ, ಅದೂ ಅವರಿಗೆ ಮಾತ್ರ ರುಚಿಸುವಂಥದ್ದು.

ಮಾರನೆಯ ದಿನವೇ ಅಕ್ಕ ಡಬ್ಬಿ ಹಿಡಿದು ಬಂದರು. ಬೆಳಗ್ಗೆ ಅಕ್ಕಿರೊಟ್ಟಿ, ಎಣ್ಣೆಗಾಯಿ. ಮಧ್ಯಾಹ್ನ ಮುದ್ದೆ, ಬಸ್ಸಾರು. ಕಣ್ಣು ಮುಚ್ಚಿಕೊಂಡು ಚಪ್ಪರಿಸಿದೆ. ತಿಂದು ಮುಗಿದ ಮೇಲೆ ಚಿಂತೆ ಹತ್ತಿತು. ಪಾತ್ರೆಗೆ ಏನು ಹಾಕುವುದು? ಮೊದಲ ಡಬ್ಬಿಗೆ ಸಕ್ಕರೆ ಹಾಕಿಸಿ ಕಳಿಸಿದೆ. ಆದರೆ ದಿನವೂ ಹೊಟ್ಟೆತುಂಬ ಉಂಡು ಚಿಟಿಕೆ ಸಕ್ಕರೆ ಕಳಿಸಿದರೆ ಮಾನ ಉಳಿಯುತ್ತದೆಯೇ? ಕಾಲು ಸರಿಹೋಗಲಿ, ಎಲ್ಲಕ್ಕೂ ಏನಾದರೂ ಒಳ್ಳೆಯದು ತುಂಬಿ ಒಟ್ಟಿಗೇ ಕಳಿಸೋಣ ಎಂದು ತೀರ್ಮಾನಿಸಿ, ಬಂದ ಪಾತ್ರೆಗಳನ್ನು ಗಂಡನ ಕೈಲಿ ತೊಳೆಸಿ ನನ್ನ ಮಂಚದ ಕೆಳಗೆ ಜೋಡಿಸಿ ಇಡಿಸತೊಡಗಿದೆ.

"ಕೊಟ್ಟು ಬತ್ತೀನಿ ಬಿಡೇ" ಎಂದು ಅವರು ಎದ್ದರೆ, "ಖಾಲಿ ಪಾತ್ರೆ ಹಿಡ್ಕೊಂಡು ಹೊಸ್ಲು ದಾಟಿ ನೋಡಿ!" ಎಂದು ಮಲಗಿದಲ್ಲಿಂದಲೇ ಗದರುತ್ತಿದ್ದೆ. ಮುರಿದದ್ದು ಕಾಲು, ಬಾಯಲ್ಲ.

ಒಂದು ದಿನ ಸಾರು ಹಾಲಿನ ಕ್ಯಾನಿನಲ್ಲಿ ಬಂತು. ಇನ್ನೊಂದು ದಿನ ಉಪ್ಪಿಟ್ಟು ಕುಕ್ಕರಿನಲ್ಲೇ ಬಂತು, ವಿಶಲ್ ಸಮೇತ. ಇದೇನು ಅಕ್ಕನ ಹೊಸ ಶೋಕಿ ಎಂದುಕೊಂಡೆ. ಕೊನೆಗೊಂದು ಭಾನುವಾರ ಏನೂ ಬರಲಿಲ್ಲ.

"ನೋಡಿದ್ರಾ? ಅಕ್ಕಂಗೆ ಬೇಜಾರಾಗೋಯ್ತು. ಇಷ್ಟ್ ದಿನ ತಿಂದು ಏನೂ ವಾಪಸ್ ಕೊಡ್ಲಿಲ್ಲ ಅಂತ" ಎಂದು ಗಂಡನೆದುರು ಅತ್ತೆ. ಹಸಿವಿಗಿಂತ ಆ ಸ್ನೇಹ ಹೋಯಿತಲ್ಲ ಎಂಬ ಸಂಕಟವೇ ಹೆಚ್ಚಾಗಿತ್ತು. ಗಂಡ ಟೀ ಮಾಡಿಕೊಟ್ಟರು. ಅದನ್ನು ಕುಡಿದು ಇನ್ನಷ್ಟು ಅತ್ತೆ.

ಮಧ್ಯಾಹ್ನ ನಮ್ಮ ಸಭೆಯ ಪಾಸ್ಟರು ಬಂದರು. ಆರಾಧನೆಗೆ ಬರಲಾಗದವರಿಗೆ ಮನೆಗೇ ಬಂದು, ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಹಂಚುವ ಪ್ರಭುಭೋಜನ ಕೊಡುವುದು ಅವರ ರೂಢಿ. ಅವರನ್ನು ಬರಿಗೈಲಿ ಕಳಿಸಬಾರದೆಂದು ನಾನು ಹಿಂದಿನ ದಿನವೇ ಬಾಳೆಹಣ್ಣು ತರಿಸಿಟ್ಟಿದ್ದೆ. "ಸಂಡೆ ಸ್ಕೂಲ್ ಮಕ್ಕಳು ನಿಮ್ಮನ್ನ ಕೇಳ್ತಾವಮ್ಮ. ದೇವರ ಕೃಪೆಯ ಪಾಠ ನಿಮ್ಮಷ್ಟು ಚೆನ್ನಾಗಿ ಯಾರೂ ಹೇಳಲ್ವಂತೆ" ಎಂದರು. ಹೌದು, ವರ್ಷಗಟ್ಟಲೆ ಹೇಳಿದ್ದೇನೆ. ಕೃಪೆಗೆ ಬದಲು ಕೊಡೋಕಾಗಲ್ಲ ಮಕ್ಕಳೇ, ಸುಮ್ಮನೆ ತಗೋಬೇಕು.

ಅಷ್ಟರಲ್ಲಿ ಅಕ್ಕ ಒಳಗೆ ಬಂದರು. ಪಾಸ್ಟರಿಗೆ ಕೈಮುಗಿದು, ಸಂಕೋಚದಿಂದ ನನ್ನ ಕಿವಿಯ ಹತ್ತಿರ ಬಗ್ಗಿ, "ಒಂದ್ ಬೋಗುಣಿ ಇದ್ರೆ ಕೊಡೇ" ಎಂದವರ ಕಣ್ಣು ಮಂಚದ ಕೆಳಗೆ ಹೋಯಿತು. ಪಿಸುಮಾತು ಅಲ್ಲಿಗೆ ಮುಗಿಯಿತು.

"ನಿನ್ ಮನೆ ಕಾಯ್ವೋಗ! ನನ್ ಅಡಿಗೆಮನೆ ಪೂರಾ ಇಲ್ಲೇ ಐತಲ್ಲೇ! ಬೆಳಗ್ಗೆ ಹಿಟ್ಟು ಕಲಸಕ್ಕೆ ಒಂದ್ ಪಾತ್ರೆ ಇಲ್ದೆ ಒದ್ದಾಡ್ಬಿಟ್ಟೆ. ಕೇಳಿದ್ರೆ ನೀನೇನ್ ಅನ್ಕತೀಯೋ ಅಂತ ಸುಮ್ನಿದ್ದೆ."

"ಖಾಲಿ ಹೆಂಗ್ ಕಳಿಸ್ಲಿ ಅಕ್ಕ?"

"ಖಾಲಿ ಕಳ್ಸಿದ್ರೆ ತಾನೇ ನಾನು ಮತ್ತೆ ತುಂಬ್ಸಾದು? ಕಾಲು ಮುರ್ಕಂಡ್ ಬಿದ್ದಿರೋಳ ಹತ್ರ ರವೆಉಂಡೆ ಯಾರ್ ಕೇಳಿದ್ರು ನಿನ್ನ?"

ಪಾಸ್ಟರು ಮುಖ ಆಚೆ ತಿರುಗಿಸಿಕೊಂಡರು. ಭುಜ ಕುಲುಕುತ್ತಿದ್ದುದು ನನಗೆ ಕಾಣುತ್ತಿತ್ತು. ಗಂಡ ಎಲ್ಲ ಪಾತ್ರೆಗಳನ್ನೂ ಗೋಣಿಚೀಲಕ್ಕೆ ತುಂಬಿ, ಬೀದಿಗೆಲ್ಲ ಕೇಳುವಂತೆ ಸದ್ದು ಮಾಡುತ್ತಾ ಎದುರು ಮನೆಗೆ ಹೊತ್ತುಕೊಂಡು ಹೋದರು. ಅಕ್ಕ ಕುಕ್ಕರನ್ನು ತಾವೇ ಎತ್ತಿಕೊಂಡರು.

ಗಂಡ ಮರಳಿದ ಮೇಲೆ ಪಾಸ್ಟರು ಪ್ರಾರ್ಥನೆ ಮಾಡಿ, ರೊಟ್ಟಿ ಮುರಿದು ಮುಂದೆ ಹಿಡಿದರು. ನಾನು ಅಭ್ಯಾಸಬಲದಿಂದ ಬಾಳೆಹಣ್ಣಿನ ಕಡೆ ನೋಡಿದೆ. ಬುಟ್ಟಿಯಲ್ಲಿ ಬರೀ ಸಿಪ್ಪೆ. ಬೆಳಗ್ಗೆಯಿಂದ ಊಟವಿಲ್ಲದ ಗಂಡ ಗೋಡೆ ನೋಡುತ್ತಾ ನಿಂತಿದ್ದರು. ಸಿಟ್ಟೂ ಬಂತು, ನಗುವೂ ಬಂತು. ಬೇರೆ ದಾರಿಯಿಲ್ಲದೆ ಖಾಲಿ ಕೈ ಚಾಚಿದೆ. ಆ ಚೂರು ಅಂಗೈಗೆ ಬಿತ್ತು. ಇದು ನನಗೇ, ಸುಮ್ಮನೆ ಕೊಟ್ಟಿದ್ದು ಅನ್ನಿಸಿ ಮೈ ಹಗುರಾಯಿತು.

ಸಂಜೆ ಎದುರು ಮನೆಯಿಂದ ಡಬ್ಬಿ ಬಂತು, ಬಿಸಿ ಬಿಸಿ ಅವರೆಕಾಳು ಸಾರು, ಅನ್ನ. ಉಂಡೆವು. ಗಂಡ ಡಬ್ಬಿ ತೊಳೆದು ಬಾಗಿಲಲ್ಲಿ ನಿಂತು, ಸಕ್ಕರೆ ಡಬ್ಬದ ಕಡೆ ನೋಡಿ, ನನ್ನ ಕಡೆ ನೋಡಿದರು.

"ಹಂಗೇ ಕೊಟ್ಟು ಬನ್ನಿ" ಎಂದೆ.