ಬೀಗ ಒಡೆಯದ ಕಿವಿಯಮ್ಮ

ಕಿವಿಯಮ್ಮನನ್ನು ನಾನು ಮೊದಲು ಕಂಡದ್ದು ಆಸ್ಪತ್ರೆ ರಸ್ತೆಯ ಒಂದು ಮಹಡಿ ಕೋಣೆಯಲ್ಲಿ. ಹೊರಗಿನ ಸದ್ದು ಬಾರದಂತೆ ಕಿಟಕಿಗೆ ದಪ್ಪ ಕಂಬಳಿ ಹೊದಿಸಿದ್ದರು. ಸೆಖೆಯಿದ್ದರೂ ಫ್ಯಾನ್ ನಿಲ್ಲಿಸಿದ್ದರು. ಗೋಡೆಯುದ್ದಕ್ಕೂ ಜೋಡಿಸಿದ್ದ ಟೇಪುಗಳ ಮೇಲೆ "ಅಸಲು, ಮುಟ್ಟಬೇಡಿ" ಎಂದು ಪೆನ್ಸಿಲಿನಲ್ಲಿ ಬರೆದಿತ್ತು. ಹಳೆಯ ಟೇಪಿನ ದನಿಯನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ಅವರ ಕಸುಬು; ಸಣ್ಣ ಸದ್ದನ್ನೂ ಹಿಡಿಯುವ ಕಿವಿಗಾಗಿ ಊರವರು ಇಟ್ಟ ಹೆಸರು ಅದು.

ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ನನ್ನ ಅಕ್ಕನ ದನಿ ಹೋಗಿತ್ತು. ಅವಳು ಕಲಿತ ಸಂಗೀತ ಶಾಲೆಯವರು ಹೊರತಂದ ಒಂದು ಸಿ.ಡಿ.ಯಲ್ಲಿ ಮಾತ್ರ ಅವಳ ಹಾಡು ಉಳಿದಿತ್ತು. ಅದನ್ನು ಫೋನಿಗೆ ಹಾಕಿಕೊಡು ಎಂದು ಚೀಟಿ ಬರೆದು ಕೇಳಿದಳು. ಆದರೆ ಸಿ.ಡಿ.ಗೆ ನಕಲು ತಡೆಯುವ ಬೀಗವಿತ್ತು. ನಾನು ಸ್ಪೀಕರಿನ ಮುಂದೆ ಫೋನ್ ಹಿಡಿದು ರೆಕಾರ್ಡ್ ಮಾಡಿ, ಕಳಿಸಲು ಸುಲಭವಾಗಲೆಂದು ಫೈಲನ್ನು ಚಿಕ್ಕದಾಗಿಸಿದೆ. ಅಕ್ಕ ಕೇಳಿದಳು. "ಇದು ನಾನಲ್ಲ" ಎಂದು ಬರೆದಳು. ಆಗ ಅದೇ ಫೈಲನ್ನು ಹತ್ತು ಪಟ್ಟು ದೊಡ್ಡದಾಗಿಸಿದೆ. ಗಾತ್ರ ಹೆಚ್ಚಿದರೆ ಗುಣವೂ ಹೆಚ್ಚುತ್ತದೆ ಎಂದು ನಂಬಿದ್ದೆ. ಇನ್ನಷ್ಟು ಚೊಕ್ಕ ಮಾಡಿಸಲು ಕಿವಿಯಮ್ಮನ ಬಳಿ ಒಯ್ದೆ.

ಅವರು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿದರು.

"ಓದಿದೋನಲ್ವೇನೋ ತಮ್ಮಾ ನೀನು?"

"ಹೌದಮ್ಮ, ನಮ್ಮ ಮನೇಲಿ ಡಿಗ್ರಿ ಮಾಡಿದೋನು ನಾನೊಬ್ಬನೇ."

"ಹಾಗಾದ್ರೆ ಹೇಳು. ಹಿಂಡಿದ ಕಬ್ಬಿನ ಸಿಪ್ಪೆ ನೀರಲ್ಲಿ ನೆನೆಸಿದ್ರೆ ಉಬ್ಬತ್ತೆ. ರಸ ವಾಪಸ್ ಬರತ್ತಾ?"

"ಬರಲ್ಲಮ್ಮ."

"ಫೈಲ್ ಸಣ್ಣ ಮಾಡುವಾಗ, ಇದ್ಯಾರಿಗೂ ಕೇಳಲ್ಲ ಬಿಡು ಅಂತ ಕಂಪ್ಯೂಟರ್ ಎಷ್ಟೋ ಮೆತ್ತನೆ ದನಿ ಎಸೆದುಬಿಡತ್ತೆ. ಹೋದದ್ದು ಹೋಯ್ತು. ಅಸಲು ಎಲ್ಲಿ?"

ಸಿ.ಡಿ. ಕೊಟ್ಟೆ. "ಬೀಗ ಇದೆಯಮ್ಮ. ನೀವು ಎರಡೇ ನಿಮಿಷದಲ್ಲಿ ಒಡೀತೀರಂತೆ."

"ಒಡೆಯೋಕೂ ಬರತ್ತೆ. ಕೇಳೋಕೆ ಬಾಯೂ ಇದೆ. ನಡಿ."

ಅರ್ಧ ಮಾಡಿದ್ದ ಕೆಲಸ ಬಿಟ್ಟು ನನ್ನೊಡನೆ ಸಂಗೀತ ಶಾಲೆಗೆ ನಡೆದೇ ಬಂದು, ಅಕ್ಕನಿಗೆ ಕಲಿಸಿದ ಮೇಷ್ಟ್ರ ಬಳಿ ಬೀಗವಿಲ್ಲದ ಪ್ರತಿ ಕೇಳಿದರು. "ಒಬ್ಬರಿಗೆ ಕೊಟ್ರೆ ಊರಿಗೆಲ್ಲ ಹಂಚಿದ ಹಾಗೆ" ಎಂದು ಮೇಷ್ಟ್ರು ಮುಖ ಗಂಟಿಕ್ಕಿದರು. ಕಿವಿಯಮ್ಮ ವಾದಿಸಲಿಲ್ಲ. ನಾನು ಹಾಳುಮಾಡಿದ್ದ ಫೈಲನ್ನು ಅವರಿಗೆ ಕೇಳಿಸಿದರು.

"ನಿಮ್ಮ ಶಿಷ್ಯೆ, ಮೇಷ್ಟ್ರೇ. ಇದೇ ಅವಳ ದನಿ ಅಂತ ಉಳೀಬೇಕಾ?"

ಮೇಷ್ಟ್ರು ಎದ್ದು ಬೀರು ತೆರೆದರು. ಹಾಡಿದ ದಿನವೇ ತೆಗೆದಿಟ್ಟಿದ್ದ, ಒಂದಿಷ್ಟೂ ಹಿಂಡದ, ಬೀಗವಿಲ್ಲದ ಪ್ರತಿ ಅಲ್ಲಿತ್ತು. ಅದನ್ನು ಬೇರೆಯವರಿಗೆ ಕೊಡುವುದಿಲ್ಲ ಎಂದು ನನ್ನಿಂದ ಬರೆಸಿಕೊಂಡು ಕೊಟ್ಟರು.

ಅಕ್ಕ ಅದನ್ನು ಮೂರು ಸಲ ಕೇಳಿದಳು. ಆಮೇಲೆ ಚೀಟಿ ಬರೆದಳು: "ಸಾಲುಗಳ ನಡುವೆ ಉಸಿರು ಎಳ್ಕೊಂಡಿದ್ದೂ ಕೇಳತ್ತೆ ಕಣೋ. ನಾನೇ."

ಮೇಷ್ಟ್ರೇ ಕರೆದು ಕೇಳಿಕೊಂಡದ್ದರಿಂದ ಈಗ ಕಿವಿಯಮ್ಮ ವಾರಕ್ಕೆ ಮೂರು ದಿನ ಸಂಗೀತ ಶಾಲೆಯ ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುತ್ತಾರೆ. ಉಳಿದ ದಿನ ತಮ್ಮ ಕೋಣೆಯಲ್ಲೇ ಕೆಲಸ ಮಾಡುತ್ತಾರೆ.